ನಮ್ಮ ಜೋಂಬಿ ನೋಡಿ ಯಾರೂ ಹೆದರುತ್ತಿಲ್ಲ, ನಮ್ಮ ಜೋಕಿಗೆ ಯಾರೂ ನಗುತ್ತಿಲ್ಲ

ಸಪ್ತಾಪುರದ ಸತ್ತವ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾವು ಧಾರವಾಡದ ಏಳು ಜನ. ಐವರು ಡಿಗ್ರಿ ಮೊದಲ ವರ್ಷ, ಇಬ್ಬರು ಪಿಯುಸಿ. ಮೇ ತಿಂಗಳಿಂದ ಮೊಬೈಲಿನಲ್ಲೇ ಒಂದು ಜೋಂಬಿ ಸಿನಿಮಾ ತೆಗೆಯುತ್ತಿದ್ದೇವೆ. ಬಜೆಟ್ 38 ಸಾವಿರ ರೂಪಾಯಿ. ಅದರಲ್ಲಿ 9 ಸಾವಿರ ನನ್ನ ಗೇರ್ ಸೈಕಲ್ ಮಾರಿ ಬಂದದ್ದು. ಅಪ್ಪನಿಗೆ ಇನ್ನೂ ಹೇಳಿಲ್ಲ.

ಕಥೆ ಇಷ್ಟು. ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸರ್ಕಾರಿ ನೌಕರಿ ಪರೀಕ್ಷೆಗೆ ಓದುವ ಹುಡುಗನೊಬ್ಬ ಒಂದು ರಾತ್ರಿ ಸತ್ತು ಜೋಂಬಿ ಆಗುತ್ತಾನೆ. ಯಾರಿಗೂ ಗೊತ್ತಾಗುವುದಿಲ್ಲ. ಯಾಕೆಂದರೆ ಅವನು ಮೊದಲೂ ಹಾಗೇ ಇದ್ದ. ಬೆಳಗ್ಗೆ ಐದಕ್ಕೆ ಕೆಂಪು ಕಣ್ಣು ಬಿಟ್ಟುಕೊಂಡು, ಕಾಲೆಳೆಯುತ್ತಾ ಲೈಬ್ರರಿಗೆ ಹೋಗುತ್ತಿದ್ದ. ಈಗಲೂ ಹೋಗುತ್ತಾನೆ. ವಾರದೊಳಗೆ ಅರ್ಧ ಓಣಿ ಜೋಂಬಿ. ಪಿಯುಸಿ ಓದುವ ನಾಲ್ವರಿಗೆ ಮಾತ್ರ ವಿಷಯ ತಿಳಿಯುತ್ತದೆ. ದೊಡ್ಡವರು ಒಬ್ಬರೂ ನಂಬುವುದಿಲ್ಲ.

ಮೊನ್ನೆ 22 ನಿಮಿಷದಷ್ಟು ಎಡಿಟ್ ಮಾಡಿ, ಗೆಳೆಯನ ಮನೆ ಪಡಸಾಲೆಯಲ್ಲಿ ಹದಿನೈದು ಮಂದಿಗೆ ತೋರಿಸಿದೆವು. ಮೊದಲ ಜೋಂಬಿ ತೆರೆಗೆ ಬಂದಾಗ ಅವರ ಅಜ್ಜಿ, 'ಪಾಪ, ಹುಡುಗಗ ಕಾಮಣಿ ಆಗೇತೇನ?' ಎಂದು ಕೇಳಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾವು ಕಷ್ಟಪಟ್ಟು ಬರೆದ ಜೋಕುಗಳಿಗೆ ಒಬ್ಬರೂ ತುಟಿ ಅಲುಗಿಸಲಿಲ್ಲ. ರಕ್ತ ಟೊಮೆಟೊ ಸಾಸ್ ಥರ ಕಾಣುತ್ತದೆ ಅಂದರು. ಅದು ಸಾಸೇ.

ಈಗ ತಂಡದಲ್ಲಿ ಎರಡು ಪಾರ್ಟಿ ಆಗಿದೆ. ಅರ್ಧ ಜನ 'ಪೂರ್ತಿ ಕಾಮಿಡಿ ಮಾಡೋಣ' ಅನ್ನುತ್ತಾರೆ, ಇನ್ನರ್ಧ 'ಪೂರ್ತಿ ಹಾರರ್'. ಯಾವುದು ಸರಿ? ಉಳಿದಿರುವುದು 14 ಸಾವಿರ ಮತ್ತು ಮೂರು ಭಾನುವಾರ.

ಗಿರ್ಮಿಟ್ ಗಿರಾಕಿ

ಅಜ್ಜಿಯನ್ನು ಸಿನಿಮಾಕ್ಕೆ ಹಾಕಿಕೊಳ್ಳಿ. ಮುಗೀತು.

ಉಣಕಲ್ ದಂಡೆ

ಗಿರ್ಮಿಟ್ ಅವರು ತಮಾಷೆಗೆ ಹೇಳಿದರೂ ಉತ್ತರ ಅದೇ. ಜೋಂಬಿ ಬಂದಾಗ ನಿಮ್ಮ ಪಾತ್ರಗಳು ಏನು ಮಾಡುತ್ತವೆ? ಜೋಕು ಹೇಳುತ್ತವೆ ಅಂತ ನನ್ನ ಅಂದಾಜು. ಸಾವು ಎದುರಿಗೆ ನಿಂತಾಗ ಯಾರಾದರೂ ಜೋಕು ಹೇಳುತ್ತಾರಾ? ಅಜ್ಜಿ ಜೋಕು ಹೇಳಲಿಲ್ಲ. ನಿಜವಾಗಿ ಮರುಗಿದರು. ಅದಕ್ಕೇ ನಗು ಬಂತು.

ಸಪ್ತಾಪುರದ ಸತ್ತವ

ಸರ್, ಸರಿಯಾಗಿ ಹಿಡಿದಿರಿ. ನಮ್ಮ ಹೀರೋ ಜೋಂಬಿ ನೋಡಿ 'ನಿನ್ನ ಮುಖ ನೋಡಿದರೆ ಎಕ್ಸಾಮ್ ರಿಸಲ್ಟ್ ನೆನಪಾಗುತ್ತದೆ' ಅನ್ನುತ್ತಾನೆ.

ಗಿರ್ಮಿಟ್ ಗಿರಾಕಿ

ಆ ಮಾಮಾ ಫೋನ್ ನೋಡಿದ್ದು ತಪ್ಪಲ್ಲ ಬಿಡಿ.

ಸಪ್ತಾಪುರದ ಸತ್ತವ

ಯಾವ ಮಾಮಾ? ನಾನು ಬರೆದಿಲ್ಲವಲ್ಲ?

ಗಿರ್ಮಿಟ್ ಗಿರಾಕಿ

ಒಬ್ಬ ಮಾಮಾ ಇದ್ದೇ ಇರುತ್ತಾರೆ.

ಪರದೆ ಹಿಂದಿನವ

ನಮ್ಮ ತಂದೆ ಮೂವತ್ತು ವರ್ಷ ಕಂಪನಿ ನಾಟಕಗಳಲ್ಲಿ ಹಾರ್ಮೋನಿಯಂ ಬಾರಿಸಿದವರು. ಗದಗಿನವರು ನಾವು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯ ಊರು, ನಾಟಕದ ಮಾತು ಬಂದರೆ ಸುಮ್ಮನಿರಲು ಆಗುವುದಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಕಂಪನಿ ನಾಟಕದ ಹಾಸ್ಯಗಾರನನ್ನು ನೋಡಿ. ಅವನು ತಾನು ನಗುವುದಿಲ್ಲ. ಸಾಲಗಾರ ಬಂದ ಎಂದರೆ ಅವನ ಮುಖದಲ್ಲಿ ನಿಜವಾದ ದಿಗಿಲು ಇರುತ್ತದೆ. ನಾವು ನಗುತ್ತೇವೆ. ತಾನೇ ನಕ್ಕುಬಿಟ್ಟರೆ ಎದುರಿಗೆ ಕೂತವರಿಗೆ ಕೆಲಸ ಉಳಿಯುವುದಿಲ್ಲ. ಇನ್ನೊಂದು ವಿಷಯ ತಂದೆ ಹೇಳುತ್ತಿದ್ದರು. ರಾಕ್ಷಸನ ಪಾತ್ರದವನನ್ನು ನಾಟಕ ಶುರುವಾಗುವ ಮುಂಚೆ ಊರೊಳಗೆ ಚಹಾ ಕುಡಿಯಲು ಬಿಡುತ್ತಿರಲಿಲ್ಲವಂತೆ. ಹಗಲು ಮಿರ್ಚಿ ತಿನ್ನುತ್ತಾ ಕಂಡವನು ರಾತ್ರಿ ಗರ್ಜಿಸಿದರೆ ಮಕ್ಕಳೂ ಹೆದರುವುದಿಲ್ಲ.

ನಿಮ್ಮ ಮೊದಲ ಜೋಂಬಿ ಎಷ್ಟನೇ ನಿಮಿಷಕ್ಕೆ ಬರುತ್ತಾನೆ?

ಸಪ್ತಾಪುರದ ಸತ್ತವ

ಎರಡನೇ ನಿಮಿಷಕ್ಕೆ. ಪೂರ್ತಿ ಬೆಳಕಿನಲ್ಲಿ. ಕ್ಲೋಸಪ್.

ಪರದೆ ಹಿಂದಿನವ

ಆಯ್ತು. ರೋಗ ಗೊತ್ತಾಯಿತು.

ಬ್ಯಾಡಗಿ ಡಬ್ಬಿ

ರಕ್ತದ ವಿಷಯಕ್ಕೆ ಬರೋಣ. ನಾವು ಶಾಲೆಯಲ್ಲಿದ್ದಾಗ ಗ್ಯಾದರಿಂಗಿಗೆ ದುಶ್ಶಾಸನ ವಧೆ ಆಡಿದ್ದೆವು. ಬ್ಯಾಡಗಿಯವರು ಅಂದಮೇಲೆ ರಕ್ತ ಯಾವುದರಿಂದ ಮಾಡುತ್ತೀರಿ? ಮೆಣಸಿನಕಾಯಿ ನೆನೆಸಿದ ನೀರು. 'ನಮ್ಮ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ' ಎಂದು ಮಾಸ್ತರರೇ ಧೈರ್ಯ ಕೊಟ್ಟರು. ಕಡಿಮೆ ಅಂದರೆ ಇಲ್ಲ ಅಂತ ಅಲ್ಲವಲ್ಲ. ಭೀಮ ಎದೆ ಬಗೆದ. ನೀರು ದುಶ್ಶಾಸನನ ಕಣ್ಣಿಗೆ, ಮೂಗಿಗೆ, ಎಲ್ಲಿಗೋ ಹೋಯಿತು. ಅವನು ಮಾಡಿದ ಚೀರಾಟಕ್ಕೆ ಇಡೀ ಮೈದಾನ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಸತ್ತವನು ಎದ್ದು ನಳದ ಕಡೆ ಓಡಿದ. ನೀವು ಈಗ ಮಾಡುತ್ತಿರುವ ಹಾರರ್ ಕಾಮಿಡಿಯನ್ನು ನಾವು ಅಂದೇ ಮಾಡಿ ಮುಗಿಸಿದ್ದೇವೆ.

ಲೈನ್ ಬಜಾರ್ ಲೈನು

ನಗು ತಡೆಯಲು ಆಗುತ್ತಿಲ್ಲ. ಆ ದುಶ್ಶಾಸನ ಈಗ ಎಲ್ಲಿದ್ದಾನೆ?

ಬ್ಯಾಡಗಿ ಡಬ್ಬಿ

ಮೆಣಸಿನಕಾಯಿ ವ್ಯಾಪಾರ ಮಾಡುತ್ತಾನೆ. ಬೇರೇನು ಮಾಡುತ್ತಾನೆ?

ಮೇಕಪ್ ಡಬ್ಬಿ

ತಮಾಷೆ ಸಾಕು, ಹುಡುಗರಿಗೆ ಉಪಯೋಗಕ್ಕೆ ಬರುವುದು ಹೇಳುತ್ತೇನೆ. ಮದುವೆ ಮೇಕಪ್ ನನ್ನ ಕಸುಬು, ನಾಟಕಗಳಿಗೂ ಮಾಡುತ್ತೇನೆ.

ಬೇಕರಿ ಸಾಮಾನಿನ ಅಂಗಡಿಯಲ್ಲಿ ಲಿಕ್ವಿಡ್ ಗ್ಲುಕೋಸ್ ಸಿಗುತ್ತದೆ. ಅದಕ್ಕೆ ಸ್ವಲ್ಪ ನೀರು, ತಿನ್ನುವ ಕೆಂಪು ಬಣ್ಣ, ಚಿಟಿಕೆ ಕೋಕೋ ಪುಡಿ, ಬೇಕಿದ್ದರೆ ಒಂದೇ ಹನಿ ನೀಲಿ. ಸಾಸ್ ಯಾಕೆ ಸಾಸ್ ಥರ ಕಾಣುತ್ತದೆ ಎಂದರೆ ಅದರೊಳಗೆ ಬೆಳಕು ಹಾಯುವುದಿಲ್ಲ, ಬಣ್ಣವೂ ಕಿತ್ತಳೆಗೆ ಎಳೆಯುತ್ತದೆ. ಪಾಕದೊಳಗೆ ಬೆಳಕು ಹಾಯುತ್ತದೆ. ಬಟ್ಟೆಗೆ ಹಾಕುವುದಾದರೆ ನಾಲ್ಕು ಹನಿ ಪಾತ್ರೆ ಸೋಪು ಸೇರಿಸಿ, ತೊಳೆಯಲು ಸುಲಭ. ಬಾಯಿಗೆ ಹೋಗುವ ರಕ್ತಕ್ಕೆ ಮಾತ್ರ ಸೋಪು ಬೇಡ. ಎರಡು ಬಾಟಲಿ ಬೇರೆ ಬೇರೆ ಇಟ್ಟು ಮೇಲೆ ಬರೆದಿಡಿ.

ಗಾಯಕ್ಕೆ ಟಿಶ್ಯೂ ಕಾಗದ ಮತ್ತು ಜೆಲಾಟಿನ್ ಸಾಕು. ಲೇಟೆಕ್ಸ್ ಕೆಲವರಿಗೆ ಆಗಿಬರುವುದಿಲ್ಲ, ಮೊದಲು ಮೊಣಕೈ ಒಳಗೆ ಹಚ್ಚಿ ಒಂದು ದಿನ ನೋಡಿ. ಇನ್ನೊಂದು ಮಾತು ಕೈ ಮುಗಿದು ಹೇಳುತ್ತೇನೆ. ಬಿಳಿ ಕಾಂಟ್ಯಾಕ್ಟ್ ಲೆನ್ಸ್ ಆನ್‌ಲೈನಿನಲ್ಲಿ ತರಿಸಿ, ಒಂದೇ ಜೊತೆಯನ್ನು ಏಳು ಜನ ಹಾಕಿಕೊಳ್ಳಬೇಡಿ. ಕಣ್ಣು ಹೋಗುತ್ತದೆ. ನಾನು ಸುಮ್ನೆ ಹೆದರಿಸುತ್ತಿಲ್ಲ.

ಪರದೆ ಹಿಂದಿನವ

ಮೇಡಂ ಹೇಳಿದ್ದು ಸರಿ. ಹಳೇ ಕಾಲದಲ್ಲಿ ಮುಖಕ್ಕೆ ಅರದಾಳ, ಇಂಗಳೀಕ ಎಲ್ಲ ಹಚ್ಚುತ್ತಿದ್ದರು. ಅರದಾಳದಲ್ಲಿ ಆರ್ಸೆನಿಕ್, ಇಂಗಳೀಕದಲ್ಲಿ ಪಾದರಸ. 'ಸಾಂಪ್ರದಾಯಿಕ' ಎಂದು ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ.

ಸಪ್ತಾಪುರದ ಸತ್ತವ

ಲೆನ್ಸ್ ಆರ್ಡರ್ ಆಗಿತ್ತು. ಈಗಲೇ ಕ್ಯಾನ್ಸಲ್ ಮಾಡಿದೆ. 1,200 ಉಳಿಯಿತು.

ರೀಲು ಸುತ್ತುವವ

ರಕ್ತಕ್ಕೆ ಇಷ್ಟು ತಲೆಬಿಸಿ ಯಾಕೆ? ಕಪ್ಪು ಬಿಳುಪು ಮಾಡಿ. 1968ರ 'ನೈಟ್ ಆಫ್ ದಿ ಲಿವಿಂಗ್ ಡೆಡ್'ನಲ್ಲಿ ಜಾರ್ಜ್ ರೊಮೆರೊ ರಕ್ತಕ್ಕೆ ಬಳಸಿದ್ದು ಚಾಕೊಲೇಟ್ ಸಿರಪ್. ಒಟ್ಟು ಖರ್ಚು ಸುಮಾರು 1 ಲಕ್ಷ 14 ಸಾವಿರ ಡಾಲರ್. ಹಾಲಿವುಡ್ ಲೆಕ್ಕಕ್ಕೆ ಅದು ಏನೇನೂ ಅಲ್ಲ. ಜೋಂಬಿ ಎಂಬ ಪದವನ್ನು ಹುಟ್ಟಿಸಿದ್ದೇ ಆ ಸಿನಿಮಾ.

ಕೆಳಗೇರಿ ಕಟ್ಟೆ

ಕೊನೆಯ ಸಾಲು ತಪ್ಪು. ಆ ಸಿನಿಮಾದಲ್ಲಿ ಜೋಂಬಿ ಎಂಬ ಪದವೇ ಇಲ್ಲ. ಅವರು ಅವುಗಳನ್ನು 'ಘೂಲ್' ಎಂದು ಕರೆಯುತ್ತಾರೆ. ಜೋಂಬಿ ಎಂಬ ಮಾತು ಹೈಟಿ ದೇಶದ್ದು, ತುಂಬಾ ಹಳೇದು. ಹಾಲಿವುಡ್ಡಿನಲ್ಲಿ ಆ ಹೆಸರಿನ ಸಿನಿಮಾ 1932ರಲ್ಲೇ ಬಂದಿತ್ತು.

ಹೈಟಿಯ ಜೋಂಬಿ ಯಾರನ್ನೂ ತಿನ್ನುವುದಿಲ್ಲ. ಅಲ್ಲಿ ಆಫ್ರಿಕಾದಿಂದ ಹಿಡಿದು ತಂದ ಜನರನ್ನು ಕಬ್ಬಿನ ತೋಟಗಳಲ್ಲಿ ಗುಲಾಮರಾಗಿ ದುಡಿಸುತ್ತಿದ್ದರು. ಸತ್ತರಾದರೂ ಬಿಡುಗಡೆ ಸಿಗುತ್ತದೆ ಎಂಬುದೊಂದೇ ಅವರ ಆಸೆ. ಸತ್ತ ಮೇಲೂ ಯಾರೋ ಎಬ್ಬಿಸಿ ದುಡಿಸಿದರೆ? ಅದೇ ಜೋಂಬಿ ಭಯ. ಮನುಷ್ಯರ ಮಾಂಸ ತಿನ್ನುವ ಅಭ್ಯಾಸ ಅಂಟಿದ್ದು 1968ರ ನಂತರ.

ಈಗ ನಿಮ್ಮ ಕಥೆ ನೋಡಿ. ಸತ್ತ ಮೇಲೂ ಬೆಳಗ್ಗೆ ಐದಕ್ಕೆ ಎದ್ದು ಲೈಬ್ರರಿಗೆ ಹೋಗುವ ಹುಡುಗ! ಗೊತ್ತಿಲ್ಲದೆಯೇ ಮೂಲಕ್ಕೆ ಹತ್ತಿರ ಹೋಗಿದ್ದೀರಿ. ಅವನು ಯಾರನ್ನೂ ಕಚ್ಚಬೇಕಾಗಿಯೇ ಇಲ್ಲ.

ರೀಲು ಸುತ್ತುವವ

ತಿದ್ದಿದ್ದಕ್ಕೆ ಥ್ಯಾಂಕ್ಸ್. ಆದರೆ ಯಾರನ್ನೂ ಕಚ್ಚದ ಜೋಂಬಿ ನೋಡಲು 70 ನಿಮಿಷ ಯಾರು ಕೂರುತ್ತಾರೆ? ಅದು ಅವಾರ್ಡ್ ಸಿನಿಮಾ ಆಗುತ್ತದೆ.

ಕೆಳಗೇರಿ ಕಟ್ಟೆ

ಅವಾರ್ಡ್ ಬಂದರೆ ಸೈಕಲ್ ವಾಪಸ್ ತರಬಹುದು.

ಅತ್ತಿಕೊಳ್ಳ ಅತ್ತೆ

ನನ್ನ ಪ್ರಶ್ನೆ ಬೇರೆ. ನಮಗೆ ಯಾಕೆ ಬೇಕು ಈ ಜೋಂಬಿ? ಕೊಳ್ಳಿದೆವ್ವ ಇಲ್ಲವೇ, ಬ್ರಹ್ಮರಾಕ್ಷಸ ಇಲ್ಲವೇ, ಹೆಣದೊಳಗೆ ಕೂರುವ ಬೇತಾಳ ಇಲ್ಲವೇ? ಎಲ್ಲವನ್ನೂ ಹೊರಗಿನಿಂದ ತರಿಸಬೇಕಾ?

ಉಣಕಲ್ ದಂಡೆ

ಬೇತಾಳ ಒಂದೇ ಸಮನೆ ಮಾತಾಡುತ್ತದೆ. ಕಥೆ ಹೇಳಿ ಪ್ರಶ್ನೆ ಬೇರೆ ಕೇಳುತ್ತದೆ. ಅದು ನಮ್ಮ ಓಣಿಯಲ್ಲಿ ನಿಂತರೆ ದೆವ್ವ ಅಂತ ಯಾರು ಗುರುತಿಸುತ್ತಾರೆ? ಜೋಂಬಿಯ ಮಜಾ ಇರುವುದು ಅದು ಮಾತಾಡುವುದಿಲ್ಲ ಎಂಬುದರಲ್ಲಿ. ಧಾರವಾಡದಲ್ಲಿ ಒಬ್ಬ ಮನುಷ್ಯ ಎರಡು ದಿನ ಬಾಯಿ ಬಿಡಲಿಲ್ಲ ಎಂದರೆ ಅಲ್ಲೇ ಅನುಮಾನ ಬರಬೇಕು.

ಅತ್ತಿಕೊಳ್ಳ ಅತ್ತೆ

ಇದನ್ನು ಒಪ್ಪುತ್ತೇನೆ.

ಬೆಂಗಳೂರಾಗಿನ ಹುಬ್ಬಳ್ಳಿಯಂವ

ಒಂದು ಲಾಜಿಕ್ ಡೌಟು. ಸುಡುವವರ ನಾಡಿನಲ್ಲಿ ಜೋಂಬಿ ಎಲ್ಲಿಂದ ಏಳುತ್ತದೆ? ಬೂದಿಯಿಂದಲಾ?

ಹಾನಗಲ್ ಹಾದಿ

ಬೆಂಗಳೂರಿಗೆ ಹೋಗಿ ಊರು ಮರೆತಿರಿ. ನಮ್ಮ ಕಡೆ ಹೂಳುವವರೇ ಎಷ್ಟು ಜನ. ಲಿಂಗಾಯತರಲ್ಲಿ ಕೂರಿಸಿ ಹೂಳುತ್ತಾರೆ. ಮುಸ್ಲಿಮರು, ಕ್ರೈಸ್ತರು, ಇನ್ನೂ ಎಷ್ಟೋ ಸಮಾಜದವರು ಹೂಳುತ್ತಾರೆ.

ಗಿರ್ಮಿಟ್ ಗಿರಾಕಿ

ಕೂತಲ್ಲಿಂದ ಏಳುವುದು ಮಲಗಿದಲ್ಲಿಂದ ಏಳುವುದಕ್ಕಿಂತ ಸುಲಭ. ನಮ್ಮವರು ಮುಂದಾಲೋಚನೆ ಮಾಡಿದ್ದಾರೆ.

ಕಟ್ಟೆ ಕಾಯುವವರು (ನಿರ್ವಾಹಕ)

ಇಲ್ಲಿಗೆ ಸಾಕು. ಯಾರ ಮನೆಯ ಸಂಸ್ಕಾರದ ಮೇಲೂ ಇನ್ನು ಜೋಕು ಬೇಡ. ಈ ಸಾಲು ಬಿಟ್ಟಿದ್ದೇನೆ, ಮುಂದಿನದು ತೆಗೆಯುತ್ತೇನೆ. ಹುಡುಗರೇ, ನೀವೂ ಶೂಟಿಂಗಿಗೆ ರುದ್ರಭೂಮಿ, ಖಬರಸ್ತಾನದ ಕಡೆ ಹೋಗಬೇಡಿ.

ಸಪ್ತಾಪುರದ ಸತ್ತವ

ಇಲ್ಲ ಸರ್. ನಮ್ಮವನು ರೂಮಿನಲ್ಲೇ ಸಾಯುತ್ತಾನೆ, ಅಲ್ಲೇ ಏಳುತ್ತಾನೆ. ಬಾಡಿಗೆ ಅಡ್ವಾನ್ಸ್ ಕೊಟ್ಟಿರುತ್ತಾನೆ, ಬಿಟ್ಟು ಎಲ್ಲಿಗೆ ಹೋಗುತ್ತಾನೆ?

ಉಣಕಲ್ ದಂಡೆ

ನೋಡಿ, ಇದು ಜೋಕು! ಸಿನಿಮಾದಲ್ಲಿ ಇದೆಯಾ?

ಸಪ್ತಾಪುರದ ಸತ್ತವ

ಇಲ್ಲ. ಈಗ ಹೊಳೆಯಿತು.

ನವಲಗುಂದ ಜಮಖಾನ

ಐಡಿಯಾ ಬೇಕಾ? ಅಣ್ಣಿಗೇರಿ. ಅಲ್ಲಿ ಸಿಕ್ಕ ತಲೆಬುರುಡೆಗಳೇ ಎದ್ದು ಬರುತ್ತವೆ ಅಂತ ಮಾಡಿ. ಸಾವಿರಾರು ವರ್ಷದ ಶಾಪ, ಮಂತ್ರವಾದಿ, ಎಲ್ಲ ಸೇರಿಸಬಹುದು. ಹಿಟ್ ಗ್ಯಾರಂಟಿ.

ಅಣ್ಣಿಗೇರಿ ಹುಡುಗ

ದಯವಿಟ್ಟು ಬೇಡ. 2010ರಲ್ಲಿ ಚರಂಡಿ ತೋಡುವಾಗ ಆ ಬುರುಡೆಗಳು ಸಿಕ್ಕಾಗ ನಾನು ಆರನೇ ಕ್ಲಾಸು. ಒಂದೆರಡಲ್ಲ, ನೂರಾರು. ಸಾಲಾಗಿ ಜೋಡಿಸಿಟ್ಟ ಹಾಗೆ ಇದ್ದವು. ನೋಡಲು ಎಲ್ಲೆಲ್ಲಿಂದಲೋ ಜನ ಬಂದರು. ಅಪ್ಪನ ಹೆಗಲ ಮೇಲೆ ಕೂತು ನಾನೂ ನೋಡಿದೆ. ಅದರಲ್ಲಿ ಸಣ್ಣ ಬುರುಡೆಗಳೂ ಇದ್ದವು ಎಂದು ಯಾರೋ ಅಂದರು. ಆ ರಾತ್ರಿ ಊಟ ಸೇರಲಿಲ್ಲ.

ಸಾವಿರಾರು ವರ್ಷ, ಶಾಪ, ಮಂತ್ರವಾದಿ ಎಲ್ಲ ಕಟ್ಟುಕಥೆ. 1791-92ರ ಡೋಗಿ ಬರದಲ್ಲಿ ಸತ್ತವರು ಎಂದು ಆಗ ಕೆಲವರು ಹೇಳಿದರು, ಅದಕ್ಕೂ ಹಳೆಯವು ಎಂದು ಇನ್ನು ಕೆಲವರು. ತಿಳಿದವರೇ ಜಗಳ ಮಾಡಿದರು. ಹಸಿದು ಸತ್ತರೋ, ಯಾರಾದರೂ ಕೊಂದರೋ, ಅವರು ನಮ್ಮ ಊರಿನ ಮಂದಿ. ಪಂಪ ಹುಟ್ಟಿದ ಊರು ಅಂತ ಹೇಳಿದರೆ ಯಾರೂ ತಿರುಗಿ ನೋಡುವುದಿಲ್ಲ. 'ಓ, ಬುರುಡೆ ಊರಾ?' ಅನ್ನುತ್ತಾರೆ. ಈಗ ಜೋಂಬಿ ಊರು ಬೇರೆ ಮಾಡಬೇಡಿ.

ನವಲಗುಂದ ಜಮಖಾನ

ನೋಯಿಸಬೇಕು ಅಂತ ಹೇಳಿದ್ದಲ್ಲ. ಮಾತು ವಾಪಸ್ ತಗೊಂಡೆ.

ಕೆಳಗೇರಿ ಕಟ್ಟೆ

ಅಣ್ಣಿಗೇರಿಯವರೇ, ನೀವು ಬರೆದ ಹೆಗಲ ಮೇಲಿನ ಆ ನಾಲ್ಕು ಸಾಲಿನಲ್ಲಿ ಇರುವ ಭಯ ಇಡೀ ಸಿನಿಮಾದಲ್ಲಿ ಬಂದರೆ ಇವರು ಗೆದ್ದ ಹಾಗೆ. ಯಾರೋ ಒಂದು ಮಾತು ಅಂದರು, ಊಟ ಸೇರಲಿಲ್ಲ. ಅಷ್ಟೇ. ಬುರುಡೆ ತೋರಿಸಬೇಕಾಗಲೇ ಇಲ್ಲ.

ರೀಲು ಸುತ್ತುವವ

ಓಡುವ ಜೋಂಬಿ ಮಾಡಿ. ನಿಧಾನ ನಡೆಯುವುದು ಹಳೇ ಫ್ಯಾಶನ್. ಕೊರಿಯಾದವರು 2016ರಲ್ಲಿ ರೈಲಿನಲ್ಲಿ ಓಡಿಸಿದ ಹಾಗೆ. ನಮ್ಮ ಹತ್ತಿರ ಹುಬ್ಬಳ್ಳಿ ಪ್ಲಾಟ್‌ಫಾರ್ಮ್ ಇದೆ, ಜಗತ್ತಿನಲ್ಲೇ ಉದ್ದ, 1400 ಮೀಟರ್.

ರೈಲು ಬಂಡಿ

1507 ಮೀಟರ್. ಮಾರ್ಚ್ 2023ರಲ್ಲಿ ಉದ್ಘಾಟನೆ ಆಯಿತು. ಹುಬ್ಬಳ್ಳಿಯವರ ಎದುರು ಆ 107 ಮೀಟರ್ ಕಡಿಮೆ ಹೇಳಬೇಡಿ.

ಅಂದ ಹಾಗೆ ಲೆಕ್ಕ ಹಾಕಿದೆ. ನಿಧಾನದ ಜೋಂಬಿ ಗಂಟೆಗೆ 2 ಕಿ.ಮೀ. ನಡೆದರೆ ಆ ಪ್ಲಾಟ್‌ಫಾರ್ಮ್ ದಾಟಲು 45 ನಿಮಿಷ ಬೇಕು. ಅಷ್ಟರಲ್ಲಿ ಹೀರೋ ಚಿಗರಿ ಬಸ್ಸು ಹತ್ತಿ ಧಾರವಾಡದ ಹತ್ತಿರ ಹೋಗಿರುತ್ತಾನೆ.

ಲೈನ್ ಬಜಾರ್ ಲೈನು

ಬಸ್ಸಿನಲ್ಲಿ ನಿಲ್ಲಲು ಜಾಗ ಸಿಕ್ಕರೆ.

ರೈಲು ಬಂಡಿ

ಇನ್ನೊಂದು. ಸ್ಟೇಷನ್ನಿನಲ್ಲಿ ಅನುಮತಿ ಇಲ್ಲದೆ ಶೂಟ್ ಮಾಡಲು ಹೋಗಬೇಡಿ. ಮುಖಕ್ಕೆ ರಕ್ತ ಹಚ್ಚಿಕೊಂಡು ರೈಲಿನ ಕಡೆ ಓಡುವ ಹುಡುಗರನ್ನು ನೋಡಿ ಪೊಲೀಸರು ಕಾಮಿಡಿ ಅಂದುಕೊಳ್ಳುವುದಿಲ್ಲ.

ಉಣಕಲ್ ದಂಡೆ

ನಿಧಾನದ್ದೇ ಇರಲಿ. ಓಡುವ ಜೋಂಬಿ ಹೊಸಬರಿಗೆ ದುಬಾರಿ. ಯಾರೋ ಬಿದ್ದು ಕೈ ಮುರಿದುಕೊಂಡರೆ 14 ಸಾವಿರ ಅಲ್ಲಿಗೇ ಹೋಯಿತು. ನಿಧಾನದ ಜೋಂಬಿಗೆ ಇನ್ನೊಂದು ಲಾಭ ಇದೆ. ತಪ್ಪಿಸಿಕೊಳ್ಳಲು ಸಮಯ ಇರುತ್ತದೆ, ಆದರೂ ನಮ್ಮ ಮಂದಿ ತಪ್ಪಿಸಿಕೊಳ್ಳುವುದಿಲ್ಲ. ಗ್ಯಾಸ್ ಆಫ್ ಮಾಡಬೇಕು, ಬಾಗಿಲಿಗೆ ಕೀಲಿ ಹಾಕಬೇಕು, ಪಕ್ಕದ ಮನೆಯವರಿಗೆ ಹೇಳಬೇಕು. ಹೇಳಲು ಹೋದರೆ ಅವರು ಚಹಾ ಕುಡಿದು ಹೋಗಿ ಅನ್ನುತ್ತಾರೆ.

ಅತ್ತಿಕೊಳ್ಳ ಅತ್ತೆ

ಚಹಾ ಬೇಡ ಅಂದರೆ ಅವರಿಗೆ ಬೇಜಾರು.

ಶಿಗ್ಗಾವಿ ಸಂತೆ

ನಮ್ಮ ಗೊಟಗೋಡಿಯ ರಾಕ್ ಗಾರ್ಡನ್ ನೋಡಿದ್ದೀರಾ? ಹೈವೇ ಪಕ್ಕದಲ್ಲೇ. ಹಳ್ಳಿ ಬದುಕಿನ ಶಿಲ್ಪಗಳು, ಆಳೆತ್ತರದವು. ಎತ್ತು ಹೊಡೆಯುವವನು, ಬುತ್ತಿ ಹೊತ್ತವಳು, ಕಟ್ಟೆ ಮೇಲೆ ಹರಟುವವರು. ದೂರದಿಂದ ನಿಜವಾದ ಮಂದಿ ಅನ್ನಿಸುತ್ತದೆ. ಒಮ್ಮೆ ಸಂಜೆ ಹೊತ್ತು ಹೋಗಿದ್ದೆ. ಜನ ಕಡಿಮೆ. ಒಬ್ಬ ಅಜ್ಜನ ಶಿಲ್ಪದ ಮುಂದೆ ನಿಂತು ಮಗಳಿಗೆ 'ಎಷ್ಟು ಚಂದ ಮಾಡಿದ್ದಾರೆ ನೋಡು' ಅಂದೆ. ಅಜ್ಜ 'ಹೌದ್ರೀ' ಅಂದ. ಅವನು ದಣಿದು ಕೂತ ನಿಜವಾದ ಅಜ್ಜ. ನನ್ನ ಜೀವಮಾನದಲ್ಲಿ ಅಷ್ಟು ಹೆದರಿಲ್ಲ. ಮಗಳು ಇವತ್ತಿಗೂ ಹೇಳಿಕೊಂಡು ನಗುತ್ತಾಳೆ.

ಪರದೆ ಹಿಂದಿನವ

ಹೆದರಿಕೆ, ನಗು ಎರಡೂ ಒಂದೇ 'ಹೌದ್ರೀ'ಯಲ್ಲಿ. ಹುಡುಗರೇ, ಪೂರ್ತಿ ಕಾಮಿಡಿಯೋ ಪೂರ್ತಿ ಹಾರರೋ ಎಂದು ಜಗಳ ಮಾಡುತ್ತಿದ್ದಿರಲ್ಲ, ಇಲ್ಲಿ ನೋಡಿ. ಅಜ್ಜ ನಗಿಸಲು ಹೋಗಲಿಲ್ಲ, ಹೆದರಿಸಲೂ ಹೋಗಲಿಲ್ಲ. ಮರ್ಯಾದೆಯಿಂದ ಉತ್ತರ ಕೊಟ್ಟ, ಅಷ್ಟೇ.

ಕಪ್ಪತಗುಡ್ಡ ಗಾಳಿ

ಲೊಕೇಶನ್ ಬೇಕಿದ್ದರೆ ಗದಗ ಕಡೆ ಬನ್ನಿ. ಗಾಳಿಯಂತ್ರಗಳ ಸಾಲು, ರಾತ್ರಿ ಆ ರೆಕ್ಕೆ ತಿರುಗುವ ಸದ್ದು. ಮೈ ಜುಂ ಅನ್ನುತ್ತದೆ. ಆದರೆ ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಗಾಳಿಗೆ ಮೊಬೈಲ್ ಮೈಕಿನಲ್ಲಿ ಬರ್ರ್ ಅನ್ನುವುದು ಬಿಟ್ಟರೆ ಬೇರೇನೂ ಕೇಳುವುದಿಲ್ಲ, ಮೊದಲೇ ಹೇಳಿದ್ದೇನೆ.

ಟೇಪ್ ರೆಕಾರ್ಡರ್

ಧ್ವನಿ ಮಾತು ಬಂದಿದ್ದು ಒಳ್ಳೆಯದಾಯಿತು. ಕಡಿಮೆ ದುಡ್ಡಿನ ಹಾರರ್ ಕೆಡುವುದು ಧ್ವನಿಯಲ್ಲೇ. ಪಾತ್ರಧಾರಿಯ ಅಂಗಿ ಕಿಸೆಯಲ್ಲಿ ಇನ್ನೊಂದು ಮೊಬೈಲ್ ಇಟ್ಟು ರೆಕಾರ್ಡ್ ಮಾಡಿ, ಆಮೇಲೆ ಜೋಡಿಸಿ. ಶಾಟ್ ಶುರುವಾದಾಗ ಒಂದು ಚಪ್ಪಾಳೆ ಹೊಡೆಯಿರಿ, ಜೋಡಿಸಲು ಗುರುತಾಗುತ್ತದೆ. ಫ್ಯಾನ್ ಆಫ್ ಮಾಡಿ, ಫ್ರಿಜ್ ಆಫ್ ಮಾಡಿ (ಆಮೇಲೆ ಆನ್ ಮಾಡಲು ಮರೆತು ನಮ್ಮ ಮನೆಯಲ್ಲಿ ಹಾಲು, ಮರ್ಯಾದೆ ಎರಡೂ ಹೋಗಿವೆ). ಎಲುಬು ಮುರಿಯುವ ಸದ್ದಿಗೆ ಗಜ್ಜರಿ ಅಥವಾ ಮೂಲಂಗಿ ಮುರಿಯಿರಿ. ಮಾಂಸ ಹರಿಯುವ ಸದ್ದಿಗೆ ಒದ್ದೆ ಬಟ್ಟೆ. ಕಾಲೆಳೆಯುವ ಸದ್ದು ಮಾತ್ರ ನಿಜವಾದ ಹವಾಯಿ ಚಪ್ಪಲಿಯದೇ ಇರಲಿ. ರಾತ್ರಿ ಎರಡು ಗಂಟೆಗೆ ಕಾರಿಡಾರಿನಲ್ಲಿ ಸರ್ರಕ್, ಸರ್ರಕ್. ಹಾಸ್ಟೆಲಿನಲ್ಲಿ ಇದ್ದವರಿಗೆ ಗೊತ್ತು.

ರಾತ್ರಿ ದೃಶ್ಯಕ್ಕೆ ಲೈಟ್ ಬಾಡಿಗೆ ತರಬೇಡಿ. ಮೋಡ ಮುಚ್ಚಿದ ಸಂಜೆ ತೆಗೆದು, ಎಕ್ಸ್‌ಪೋಷರ್ ಇಳಿಸಿ ಲಾಕ್ ಮಾಡಿ, ಎಡಿಟಿಂಗಿನಲ್ಲಿ ಸ್ವಲ್ಪ ನೀಲಿ ಕೊಡಿ. ಆಕಾಶ ಫ್ರೇಮಿನೊಳಗೆ ಬರಬಾರದು, ಬಂದರೆ ಗುಟ್ಟು ರಟ್ಟು. ಧಾರವಾಡದ ಜಿಟಿ ಜಿಟಿ ಮಳೆಗಾಲ ಇದಕ್ಕೆಂದೇ ಇದೆ.

ಬೆಂಗಳೂರಾಗಿನ ಹುಬ್ಬಳ್ಳಿಯಂವ

ಡೈಲಾಗ್ ಯಾವ ಕನ್ನಡದಲ್ಲಿದೆ?

ಸಪ್ತಾಪುರದ ಸತ್ತವ

ಸಿನಿಮಾ ಕನ್ನಡ. ಎಲ್ಲರಿಗೂ ಅರ್ಥವಾಗಲಿ ಎಂದು. 'ಅಯ್ಯೋ ದೇವರೇ, ಏನಾಗ್ತಿದೆ ಇಲ್ಲಿ?' ಈ ಥರ.

ಬೆಂಗಳೂರಾಗಿನ ಹುಬ್ಬಳ್ಳಿಯಂವ

ಸಪ್ತಾಪುರದಲ್ಲಿ ಜೋಂಬಿ ನೋಡಿದ ಹುಡುಗ 'ಏನಾಗ್ತಿದೆ ಇಲ್ಲಿ' ಅನ್ನುತ್ತಾನಾ? 'ಯವ್ವಾ' ಅಂದು ಓಡುತ್ತಾನೆ. ನಾನು ಹದಿನಾಲ್ಕು ವರ್ಷದಿಂದ ಬೆಂಗಳೂರಿನಲ್ಲಿದ್ದೇನೆ. ಆಫೀಸಿನಲ್ಲಿ ಬೇರೆ ಕನ್ನಡ. ಕಾಲು ಎಡವಿದರೆ ಬಾಯಿಂದ ಬರುವುದು ಊರ ಕನ್ನಡವೇ.

ಹಾನಗಲ್ ಹಾದಿ

ಒಂದು ಎಚ್ಚರಿಕೆ. ಸಿನಿಮಾದವರು ನಮ್ಮ ಮಾತನ್ನು ಕಾಮಿಡಿ ಪಾತ್ರಕ್ಕೆ ಮಾತ್ರ ಕೊಡುತ್ತಾರೆ. ಹೀರೋ ಶುದ್ಧ ಕನ್ನಡ, ಅಡುಗೆಯವನು ನಮ್ಮ ಕನ್ನಡ. ನೀವೂ ಅದನ್ನೇ ಮಾಡಿದರೆ ನಾನು ಬಂದು ಕಚ್ಚುತ್ತೇನೆ. ಎಲ್ಲರೂ ಅದೇ ಮಾತಾಡಲಿ. ಹೆದರುವವರೂ, ಅಳುವವರೂ.

ರೀಲು ಸುತ್ತುವವ

ತೆಲುಗಿನಲ್ಲಿ 2021ರಲ್ಲಿ ಜೋಂಬಿಗಳನ್ನು ರಾಯಲಸೀಮೆಯ ಫ್ಯಾಕ್ಷನ್ ಜಗಳದೊಳಗೆ ಬಿಟ್ಟರು. ಹಿಂದಿಯವರು 2013ರಲ್ಲಿ ಗೋವಾಕ್ಕೆ ಕರೆದುಕೊಂಡು ಹೋದರು. ನಮ್ಮ ಕಡೆಗೆ ಇನ್ನೂ ಬಂದಿಲ್ಲ. ರಸ್ತೆ ಕೆಲಸ ನಡೀತಿದೆ, ಅದಕ್ಕೆ ತಡ.

ಇನ್ನು ಖರ್ಚಿನ ಮಾತು. 2008ರ ಬ್ರಿಟನ್ನಿನ 'ಕಾಲಿನ್' ಸಿನಿಮಾಗೆ ಆದ ಖರ್ಚು 45 ಪೌಂಡ್ ಅಂತ ಅದರ ನಿರ್ದೇಶಕರೇ ಹೇಳಿದ್ದರು. ಅಲ್ಲಿ ಕಥೆ ಜೋಂಬಿಯ ಕಡೆಯಿಂದ ನಡೆಯುತ್ತದೆ. ಜಪಾನಿನ 'ಒನ್ ಕಟ್ ಆಫ್ ದಿ ಡೆಡ್' 2017ರದ್ದು, ಸುಮಾರು 30 ಲಕ್ಷ ಯೆನ್. ಮೊದಲ 37 ನಿಮಿಷ ಒಂದೇ ಶಾಟ್. ನೋಡಲು ಕೆಟ್ಟದಾಗಿದೆ ಅನ್ನಿಸುತ್ತದೆ. ಆಮೇಲೆ ಯಾಕೆ ಹಾಗಿತ್ತು ಅಂತ

ಮೇಕಪ್ ಡಬ್ಬಿ

ನಿಲ್ಲಿಸಿ! ನಾನು ಇನ್ನೂ ನೋಡಿಲ್ಲ.

ರೀಲು ಸುತ್ತುವವ

ನಿಲ್ಲಿಸಿದೆ. ಸೈಕಲ್ ಮಾರಿದವನಿಗೆ ಇನ್ನೊಂದೇ ಮಾತು. ಅಮೆರಿಕದ ಟೆಕ್ಸಾಸಿನಲ್ಲಿ ಎಮಿಲಿ ಹೇಗಿನ್ಸ್ ಎಂಬ ಹುಡುಗಿ 12ನೇ ವಯಸ್ಸಿಗೆ ಪೂರ್ತಿ ಉದ್ದದ ಜೋಂಬಿ ಸಿನಿಮಾ ಶುರು ಮಾಡಿದಳು. 2006ರಲ್ಲಿ ತೋರಿಸಿದಳು. ಶಾಲೆ ರಜೆಯಲ್ಲಿ ಶೂಟಿಂಗ್, ಅವಳ ಅಮ್ಮನೇ ತಂಡದ ಬೆನ್ನೆಲುಬು. ಆದ್ದರಿಂದ ಅಪ್ಪನಿಗೆ ಹೇಳಿಬಿಡಿ. ಡ್ರೈವರ್ ಕೆಲಸಕ್ಕಾದರೂ ಆಗುತ್ತಾರೆ.

ಕೋರ್ಟು ಕಚೇರಿ

ಎಲ್ಲರೂ ಮಜಾ ಮಾಡುತ್ತಿರುವಾಗ ಇದನ್ನು ಕೇಳುವುದು ನನ್ನ ಕರ್ಮ. ನಟರಲ್ಲಿ ಸಣ್ಣ ಮಕ್ಕಳಿದ್ದಾರಾ?

ಸಪ್ತಾಪುರದ ಸತ್ತವ

ಗೆಳತಿಯ ತಮ್ಮ, 11 ವರ್ಷ. ಜೋಂಬಿ ಪಾತ್ರ. ಇಡೀ ತಂಡದಲ್ಲಿ ಅವನೊಬ್ಬನೇ ಚೆನ್ನಾಗಿ ಮಾಡಿದ್ದಾನೆ.

ಕೋರ್ಟು ಕಚೇರಿ

14ರ ಒಳಗಿನ ಮಕ್ಕಳು ಕಲಾವಿದರಾಗಿ ಕೆಲಸ ಮಾಡುವುದಾದರೆ ನಿರ್ಮಾಪಕರು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು ಎಂದು ಬಾಲಕಾರ್ಮಿಕ ನಿಯಮದಲ್ಲಿದೆ. ದಿನಕ್ಕೆ 5 ಗಂಟೆಗಿಂತ ಜಾಸ್ತಿ ಇಲ್ಲ, ಬಿಡುವು ಕೊಡದೆ 3 ಗಂಟೆಗಿಂತ ಜಾಸ್ತಿ ಇಲ್ಲ. ನಿಮ್ಮದು ಹವ್ಯಾಸ, ಸರಿ. ಆದರೂ ಆ ಗಂಟೆ ಲೆಕ್ಕ ಪಾಲಿಸಿ, ಅವರ ಮನೆಯವರು ಒಬ್ಬರು ಜೊತೆಗಿರಲಿ. ನಾಳೆ ದುಡ್ಡಿಗೆ ಮಾರಲು ಹೊರಟರೆ ಕಾಗದ ಪತ್ರ ಬೇಕಾಗುತ್ತದೆ. ಟಾಕೀಸಿನಲ್ಲಿ ಹಾಕುವುದಾದರೆ ಸೆನ್ಸಾರ್ ಸರ್ಟಿಫಿಕೇಟ್ ಕೂಡ. ಯೂಟ್ಯೂಬಿಗೆ ಅದು ಬೇಡ.

ಸಪ್ತಾಪುರದ ಸತ್ತವ

ಸರಿ ಸರ್. ಅವನಿಗೆ ಹೇಳಿದೆ. 'ಹಂಗಾರ ದಿನಾ ಐದ್ ತಾಸು ಕೊಡ್ತೀರೇನ?' ಎಂದು ಖುಷಿಯಾಗಿ ಕೇಳಿದ.

ಸಪ್ತಾಪುರದ ಸತ್ತವ (ಮೂರು ವಾರದ ನಂತರ)

ಅಪ್‌ಡೇಟ್. ತಡವಾಗಿದ್ದಕ್ಕೆ ಕ್ಷಮಿಸಿ, ಇಂಟರ್ನಲ್ಸ್ ಇದ್ದವು.

ಜೋಕುಗಳನ್ನೆಲ್ಲ ತೆಗೆದೆವು. 19 ಇದ್ದವು. ಬರೆದ ಗೆಳೆಯ ಎರಡು ದಿನ ಮಾತು ಬಿಟ್ಟ. (ಉಣಕಲ್ ಸರ್ ಹೇಳಿದ ಹಾಗೆ ನಮಗೆ ಅನುಮಾನ ಬಂತು.) ಮೊದಲ ಜೋಂಬಿಯ ಮುಖ ಈಗ 18ನೇ ನಿಮಿಷದವರೆಗೆ ಕಾಣುವುದಿಲ್ಲ. ಬರೀ ಚಪ್ಪಲಿ ಸದ್ದು.

ಮೆಸ್ಸಿನ ದೃಶ್ಯ ಮತ್ತೆ ತೆಗೆದೆವು. ಮೆಸ್ ನಡೆಸುವ ಕಾಕುಗೆ ಕಥೆ ಹೇಳಲೇ ಇಲ್ಲ. ನಿಮ್ಮ ಪಾಡಿಗೆ ಬಡಿಸಿ ಅಂದೆವು. ಜೋಂಬಿ ಮೇಕಪ್ ಹಾಕಿದ ಹುಡುಗ ಬಂದು ತಾಟಿನ ಮುಂದೆ ಸುಮ್ಮನೆ ಕೂತ. ಕಾಕು ಒಂದು ಸಲ ಮುಖ ನೋಡಿದರು. 'ರಾತ್ರಿ ಎಷ್ಟೊತ್ತನಕ ಓದಿದ್ಯೋ?' ಅಂದರು. ಅವನು ಉತ್ತರ ಕೊಡಲಿಲ್ಲ, ಜೋಂಬಿ ಅಲ್ವಾ. ಕಾಕು ಒಂದು ರೊಟ್ಟಿ ಜಾಸ್ತಿ ಹಾಕಿ, ತಲೆ ಮುಟ್ಟಿ ನೋಡಿ, 'ಮೈ ತಣ್ಣಗಾಗೇತಲ್ಲೋ' ಅಂದರು. ಎಲ್ಲವೂ ಅವರದೇ ಮಾತು. ಮಳೆಯಲ್ಲಿ ನೆನೆದು ಬಂದಿದ್ದ, ಹಣೆ ನಿಜವಾಗಿ ತಣ್ಣಗಿತ್ತು. ಕ್ಯಾಮೆರಾ ಹಿಡಿದ ನನಗೆ ಮೈ ಜುಂ ಅಂತು.

ಅದೇ ಪಡಸಾಲೆಯಲ್ಲಿ ಮತ್ತೆ ತೋರಿಸಿದೆವು. 'ಒಂದು ರೊಟ್ಟಿ ಜಾಸ್ತಿ'ಗೆ ಎಲ್ಲರೂ ನಕ್ಕರು. 'ಮೈ ತಣ್ಣಗಾಗೇತಲ್ಲೋ' ಅಂದಾಗ ಪಡಸಾಲೆಯಲ್ಲಿ ಸದ್ದೇ ಇಲ್ಲ. ಅಜ್ಜಿ ಸೆರಗು ಬಾಯಿಗೆ ಹಿಡಿದಿದ್ದರು.

ಇನ್ನೂ 40 ನಿಮಿಷದ ಶೂಟಿಂಗ್ ಬಾಕಿ ಇದೆ. ದುಡ್ಡು ಉಳಿದಿರುವುದು 3,100.

ಪರದೆ ಹಿಂದಿನವ

ತಂದೆಗೆ ಓದಿ ಹೇಳಿದೆ. 'ಆ ಕಾಕುಗೆ ಮುಂದಿನ ಸೀನ್ಯಾಗೂ ಕಥಿ ಹೇಳಬ್ಯಾಡ್ರಿ' ಅಂದರು.

ಗಿರ್ಮಿಟ್ ಗಿರಾಕಿ

ಆ ಮಾಮಾ?

ಸಪ್ತಾಪುರದ ಸತ್ತವ

ಈ ಸಲವೂ ಫೋನ್ ನೋಡುತ್ತಿದ್ದರು. ಆಮೇಲೆ ಗೊತ್ತಾಯಿತು, ಮೆಸ್ಸಿನ ಸೀನನ್ನು ವಿಡಿಯೋ ಮಾಡಿಕೊಂಡು ಫ್ಯಾಮಿಲಿ ಗ್ರೂಪಿಗೆ ಹಾಕಿದ್ದಾರೆ. ನಮ್ಮ ಅಪ್ಪ ಆ ಗ್ರೂಪಿನಲ್ಲಿದ್ದಾರೆ.

ಅತ್ತಿಕೊಳ್ಳ ಅತ್ತೆ

ಸೈಕಲ್ ಎಲ್ಲಿ ಅಂತ ಕೇಳಿದರಾ?

ಸಪ್ತಾಪುರದ ಸತ್ತವ

ಇಲ್ಲ. 'ಆ ಮೆಸ್ಸು ಎಲ್ಲಿ ಬರ್ತದ, ರೊಟ್ಟಿ ಚೊಲೊ ಕಾಣ್ತಾವ' ಅಂತ ಕೇಳಿದರು.